ಅಮ್ಮ ಕಲಿಸಿದ ಮಡಿಕೆ

ಏಳನೆಯ ಕಂತು

"ಬಿಚ್ಚಬೇಡಿ ಮೇಡಂ. ಒಂದು ನಿಮಿಷ ಹಾಗೇ ಇರಲಿ," ಎಂದಳು ಚೀಟಿಯಕ್ಕ.

ತಪಾಸಣೆಯ ಅಧಿಕಾರಿಣಿಯ ಕೈ ಪೊಟ್ಟಣದ ಮೇಲೆ ಅಲ್ಲೇ ನಿಂತಿತು. ಆಕೆಗೆ ಬೆಳಗಿನಿಂದ ದವಡೆಹಲ್ಲಿನ ನೋವು. ಎಡಗೆನ್ನೆ ಒಳಗೊಂದು ನಿಂಬೆಹಣ್ಣು ಇಟ್ಟುಕೊಂಡ ಹಾಗೆ ಊದಿತ್ತು. ಎಷ್ಟು ಬೇಕೋ ಅಷ್ಟೇ ಮಾತು, ಅದೂ ಬಾಯಿಯ ಬಲಗಡೆಯಿಂದ.

"ಯಾಕೆ?"

"ಮಡಚಿದ ಕೈ ಯಾರದು ಅನ್ನೋದು ಅದರಲ್ಲೇ ಇರುತ್ತೆ. ಬಿಚ್ಚಿದ ಮೇಲೆ ಬರೀ ಬಟ್ಟೆ."

ಆ ದೇಶದ ಹೊರಹೋಗುವ ಮೊಹರು ಬಿದ್ದು, ಸೇತುವೆಯನ್ನು ನಡೆದು ದಾಟಿ, ಈ ದೇಶದ ಒಳಬರುವ ಮೊಹರು ಬೀಳುವ ಮುನ್ನ, ಅಂದರೆ ಮನುಷ್ಯ ಯಾವ ದೇಶಕ್ಕೂ ಸೇರದ ಹೊತ್ತಿನಲ್ಲಿ, ಎಕ್ಸ್‌ರೇ ಯಂತ್ರ ಭೂಗೋಳದ ಮೇಷ್ಟ್ರ ಬೆನ್ನಚೀಲದ ತಳದಲ್ಲಿ ಒಂದು ಬಾತುಕೋಳಿಯನ್ನು ಕಂಡಿತ್ತು.

ಕಂಚಿನ ಬಾತುಕೋಳಿ. ಅಂಗೈಯಲ್ಲಿ ಕೂರುವಷ್ಟು. ಹಳೆಯ ಕಾಲದ ತಕ್ಕಡಿಯ ತೂಕವಂತೆ. ಬಸ್ಸು ಎರಡು ದಿನ ತಂಗಿದ್ದ ಊರಿನ ಪುಟ್ಟ ಮ್ಯೂಸಿಯಮ್ಮಿನಿಂದ ಕಾಣೆಯಾಗಿದ್ದ ಜೋಡಿಯಲ್ಲಿ ಒಂದು. ಜೋಡಿಯ ಫೋಟೋ ಸುತ್ತೋಲೆಯ ಸಮೇತ ಅಧಿಕಾರಿಣಿಯ ಬೆನ್ನ ಹಿಂದಿನ ಗೋಡೆಗೆ ಅಂಟಿತ್ತು: ಎರಡು ಬಾತುಗಳು, ಮುಖಕ್ಕೆ ಮುಖ ಕೊಟ್ಟು, ಮಾತು ಬಿಟ್ಟ ಅಕ್ಕತಂಗಿಯರ ಹಾಗೆ.

ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೇಷ್ಟ್ರು ಕೂತಿದ್ದರು. ಮೂವತ್ತು ವರ್ಷ ಮಕ್ಕಳಿಗೆ ನದಿಗಳ ಹೆಸರು ಬಾಯಿಪಾಠ ಮಾಡಿಸಿ, ನಿವೃತ್ತಿಯಾದ ಮೇಲೆ ಆ ನದಿಗಳನ್ನು ಖುದ್ದಾಗಿ ನೋಡಿಬರೋಣವೆಂದು ಹೊರಟವರು. ಹೆಂಡತಿ ತೀರಿಕೊಂಡು ಆರು ವರ್ಷ. ಎರಡೂ ಮಾತನ್ನು ಚೀಟಿಯಕ್ಕನಿಗೆ ಅವರೇ ಹೇಳಿದ್ದು, ಎರಡನೆಯದನ್ನು ಎರಡು ಸಲ.

ಕಂಡಕ್ಟರ್ ಬಾಗಿಲಲ್ಲಿ ತಲೆ ಹಾಕಿದ. "ಮೇಡಂ, ಬಸ್ಸು ಗೇಟಿನಾಚೆ ನಿಂತಿದೆ. ಮೂರೂವರೆಗೆ ಎಳೀತೀನಿ. ನಾಲ್ಕಕ್ಕೆ ಮುಂದಿನ ಚೆಕ್‌ಪೋಸ್ಟ್ ಮುಚ್ಚಿದ್ರೆ ನಮ್ಮ ಮಾವನೇ ಅಲ್ಲಿ ಡ್ಯೂಟಿಲಿದ್ರೂ ತೆಗೆಯೋಲ್ಲ."

"ಎಳಿ," ಎಂದಳು ಅಧಿಕಾರಿಣಿ.

"ಮೇಷ್ಟ್ರು?"

"ಜೀಪಲ್ಲಿ."

ಜೀಪು ಹೋಗುವುದು ಜಿಲ್ಲೆಯ ಲಾಕಪ್ಪಿಗೆ. ಅಲ್ಲಿಂದ ಹೊರಬರಲು ವಕೀಲ ಬೇಕು, ವಕೀಲ ಬರಲು ಕಾಗದಪತ್ರ ಬೇಕು, ಕಾಗದಪತ್ರ ಬರಬೇಕಾದ್ದು ಆ ದೇಶದಿಂದ, ಅದು ಮೇಷ್ಟ್ರನ್ನು ಆಗಲೇ ಮೊಹರು ಒತ್ತಿ ಕಳಿಸಿಯಾಗಿದೆ. ಗೋಡೆಯ ಗಡಿಯಾರ ಎರಡು ಐವತ್ತು ತೋರಿಸುತ್ತಿತ್ತು.

"ಇವರನ್ನ ಕರೆಸಿ ಅಂತ ನಾನೇ ಕೇಳ್ಕೊಂಡೆ," ಎಂದರು ಮೇಷ್ಟ್ರು, ತಗ್ಗಿದ ದನಿಯಲ್ಲಿ. "ಚೀಲ ನೋಡಿ ಮನುಷ್ಯನ್ನ ಹೇಳ್ತಾರೆ. ನಾನು ಹೇಳಿದ್ರೆ ನೀವು ನಂಬೋಲ್ಲ. ಅವರು ಹೇಳಿದ್ರೆ ನಂಬ್ತೀರಿ."

ಇದು ಹೊಗಳಿಕೆಯಲ್ಲ, ವರದಿ. ಚೀಟಿಯಕ್ಕ ರೈಲ್ವೆಯ ಕಳೆದ ಸಾಮಾನುಗಳ ಕಚೇರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಗುಮಾಸ್ತೆ. ಯಾರದ್ದೆಂದು ಗೊತ್ತಿಲ್ಲದ ಚೀಲ ಬರುತ್ತದೆ. ಅವಳು ಕೈಯಲ್ಲೆತ್ತಿ ತೂಕ ಹೇಳುತ್ತಾಳೆ, ಆಮೇಲೆ ಮೇಲಿಂದ ತಳದವರೆಗೆ ಒಂದೊಂದೇ ಸಾಮಾನು ತೆಗೆದು ಪಟ್ಟಿ ಮಾಡುತ್ತಾಳೆ, ಕೊನೆಗೆ ಚೀಟಿ ಕಟ್ಟುತ್ತಾಳೆ. ಪಟ್ಟಿ ಮುಗಿಯುವಷ್ಟರಲ್ಲಿ ಚೀಲದ ಯಜಮಾನನ ವಯಸ್ಸು, ಕಸುಬು, ಹೆಂಡತಿಯ ಮೇಲಿನ ಸಿಟ್ಟು ಎಲ್ಲ ಅವಳಿಗೆ ಗೊತ್ತಾಗಿರುತ್ತದೆ. ಈ ಪ್ರಯಾಣದ ಮೊದಲ ದಿನವೇ ಬಸ್ಸಿನ ಇಪ್ಪತ್ತಾರು ಚೀಲಗಳಿಗೂ ದಾರದಲ್ಲಿ ಚೀಟಿ ಕಟ್ಟಿ, ಎರಡನೆಯ ದಿನಕ್ಕೆ ಈ ಹೆಸರು ಸಂಪಾದಿಸಿದ್ದಳು.

"ಮುಟ್ಟಲಾ?"

ಅಧಿಕಾರಿಣಿ ಗೋಣು ಹಾಕಿದಳು. ಚೀಟಿಯಕ್ಕ ಪೊಟ್ಟಣವನ್ನು ಅಂಗೈಯಲ್ಲಿ ಎತ್ತಿದಳು. "ಬಟ್ಟೆ ಬಿಟ್ಟು ಮುನ್ನೂರು ಗ್ರಾಂ. ಹತ್ತು ಹೆಚ್ಚು ಇದ್ದೀತು."

ಅಧಿಕಾರಿಣಿ ಹಿಂದಕ್ಕೆ ತಿರುಗಿ ಸುತ್ತೋಲೆ ನೋಡಿದಳು. ಮುನ್ನೂರ ಹತ್ತು ಎಂದಿತ್ತು. ಎರಡೂ ಬಾತು ಒಂದೇ ತೂಕ. ಈ ಬಾರಿ ತಿರುಗಿದಾಗ ಆಕೆಯ ಮುಖದಲ್ಲಿ ಹಲ್ಲುನೋವಿನ ಜೊತೆಗೆ ಸ್ವಲ್ಪ ಮರ್ಯಾದೆಯೂ ಇತ್ತು.

ಚೀಟಿಯಕ್ಕ ಪೊಟ್ಟಣವನ್ನು ಮೇಜಿನ ಮೇಲೆ ನೆಟ್ಟಗಿಟ್ಟಳು. ಬಿಳಿಯ ಹತ್ತಿಬಟ್ಟೆ. ಮೂರು ಪದರ. ಒಂದು ತುದಿಯನ್ನು ಓರೆಯಾಗಿ ತಂದು, ಎರಡನೆಯ ಪದರದ ಕೆಳಗೆ ತೂರಿಸಿ, ಮೇಲೆ ಬಲಮೂಲೆಯಲ್ಲಿ ಬೆರಳುದ್ದದ ಒಂದು ಕಿವಿ ಬಿಟ್ಟಿತ್ತು. ಹಿಡಿದು ಎಸೆದರೂ ಬಿಚ್ಚದು. ಕಿವಿ ಹಿಡಿದು ಎಳೆದರೆ ಇಡೀ ಪೊಟ್ಟಣ ಒಂದೇ ಸಲಕ್ಕೆ ಹೂವಿನ ಹಾಗೆ ತೆರೆದುಕೊಳ್ಳುತ್ತದೆ.

ಈ ಮಡಿಕೆ ಅವಳಿಗೆ ಗೊತ್ತಿತ್ತು.

ಅಮ್ಮ ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಕೆಲಸ ಮಾಡುತ್ತಿದ್ದಳು. ತೊಳೆದ ಬಟ್ಟೆಯ ಪೊಟ್ಟಣಗಳನ್ನು ಕೆಳಗಿನಿಂದ ಮೇಲಿನ ಮಹಡಿಯ ದಾದಿಯರಿಗೆ ಎಸೆಯಬೇಕಿತ್ತು. ನಡುವೆ ಬಿಚ್ಚಿಕೊಂಡರೆ ಮತ್ತೆ ತೊಳೆಯಬೇಕು. ಹಾಗಾಗಿ ತಾನೇ ಒಂದು ಮಡಿಕೆ ಕಂಡುಕೊಂಡಿದ್ದಳು. ಅದನ್ನು ಮಕ್ಕಳಿಬ್ಬರಿಗೆ ಬಿಟ್ಟು ಬೇರೆ ಯಾರಿಗೂ ಹೇಳಿಕೊಡಲಿಲ್ಲ. ಹೇಳಿಕೊಟ್ಟರೆ ತನ್ನ ಕೆಲಸ ಬೇರೆಯವರಿಗೆ ಹೋದೀತೆಂಬ ಅಂಜಿಕೆ.

ಇಬ್ಬರು ಮಕ್ಕಳು. ಒಬ್ಬಳು ಇಲ್ಲಿ ಮೇಜಿನ ಮುಂದೆ ನಿಂತಿದ್ದಾಳೆ. ಇನ್ನೊಬ್ಬಳು ಹೊರಗೆ ಶೆಡ್ಡಿನಲ್ಲಿ, ಬಹುಶಃ ಯಾರದೋ ಬೆನ್ನು ತಿಕ್ಕುತ್ತಿದ್ದಾಳೆ.

"ಬೆಳಗ್ಗೆಯಿಂದ ನಿಮ್ಮ ಚೀಲ ಯಾರು ಮುಟ್ಟಿದ್ರು ಮೇಷ್ಟ್ರೇ?" ಎಂದು ಕೇಳಿದಳು. ದನಿ ತನ್ನದೇ ಎಂದು ಅವಳಿಗೇ ಅನ್ನಿಸಲಿಲ್ಲ.

"ಯಾರೂ ಇಲ್ಲ. ನಿಮ್ಮ ತಂಗಿ ಹೆಗಲಪಟ್ಟಿ ಸಡಿಲ ಮಾಡ್ಕೊಟ್ರು, ಬೆನ್ನಿಗೆ ಒತ್ತುತ್ತೆ ಅಂತ. ಅಷ್ಟೇ." ಮೇಷ್ಟ್ರು ತಡೆದರು. "ಛೆ, ಅವರನ್ನ ಇದಕ್ಕೆಲ್ಲ ಎಳೀಬೇಡಿ. ನಾನೇ ಹೋಗ್ತೀನಿ ಜೀಪಲ್ಲಿ."

"ಏನು ಕಂಡ್ರಿ?" ಎಂದಳು ಅಧಿಕಾರಿಣಿ.

"ಹತ್ತು ನಿಮಿಷ ಕೊಡಿ," ಎಂದಳು ಚೀಟಿಯಕ್ಕ.

*

ಶೆಡ್ಡಿಗೂ ಕಚೇರಿಗೂ ನಡುವೆ ಸಿಮೆಂಟಿನ ಮೂವತ್ತು ಹೆಜ್ಜೆ. ಆ ಮೂವತ್ತು ಹೆಜ್ಜೆಯಲ್ಲಿ ಚೀಟಿಯಕ್ಕ ತನ್ನನ್ನು ತಾನೇ ವಿಚಾರಣೆ ಮಾಡಿಕೊಂಡಳು.

ಬೇರೆ ಯಾರಿಗೂ ಗೊತ್ತಿಲ್ಲವೇ? ಮೇಷ್ಟ್ರಿಗೆ ಒಮ್ಮೆ ತೋರಿಸಿದ್ದಳು, ನಿಜ. ಹಿಂದಿನ ಊರಿನ ಲಾಡ್ಜಿನ ತಾರಸಿಯಲ್ಲಿ, ಒಗೆದ ಬಟ್ಟೆ ಒಣಗುವವರೆಗೆ, ಮೇಜಿನ ಆಚೆ ಅವರು, ಈಚೆ ಅವಳು. ಐವತ್ತೆರಡು ವರ್ಷದಲ್ಲಿ ಅವಳಾಗಿ ಒಬ್ಬರಿಗೆ ಕೊಟ್ಟ ಮೊದಲ ಗುಟ್ಟು. ಅದೂ ಎಂಥ ಗುಟ್ಟು, ಬಟ್ಟೆ ಮಡಚುವುದು; ಬೇರೆ ಹೆಂಗಸರು ಇದಕ್ಕಿಂತ ಒಳ್ಳೆಯ ಗುಟ್ಟು ಇಟ್ಟುಕೊಂಡಿರುತ್ತಾರೆ. ಆದರೆ ಮೇಷ್ಟ್ರು ಮೂರು ಸಲ ಮಡಚಿದರು, ಮೂರು ಸಲವೂ ಎಡವಟ್ಟು. "ಇದು ನನ್ನ ಕೈಗೆ ಹತ್ತೋಲ್ಲ ಮೇಡಂ, ನಿಮ್ಮ ಮನೆ ವಿದ್ಯೆ ನಿಮ್ಮನೇಲೇ ಇರಲಿ" ಎಂದು ನಕ್ಕು ಕೈಚೆಲ್ಲಿದ್ದರು. ಹಾಗಾಗಿ ಅದು ಲೆಕ್ಕಕ್ಕಿಲ್ಲ.

ಉಳಿದವಳು ಪುಟ್ಟಿ.

ಪುಟ್ಟಿಗೆ ನಲವತ್ತನಾಲ್ಕು ವರ್ಷ. ಈಗಲೂ ಪುಟ್ಟಿ. ಮನೆಗೆ ಬಂದ ನೆಂಟರು ಚೀಲವನ್ನು ಅಕ್ಕನ ಕೈಗೆ ಕೊಟ್ಟು ತಂಗಿಯನ್ನು ಎತ್ತಿಕೊಳ್ಳುತ್ತಿದ್ದರು. ಚೀಲ ಎತ್ತಿ ಎತ್ತಿಯೇ ಅಕ್ಕನಿಗೆ ತೂಕದ ಅಂದಾಜು ಬಂದದ್ದು ಎಂದು ಯಾರೂ ಯೋಚಿಸಿರಲಿಲ್ಲ. ಬೆಳೆದ ಮೇಲೆ ತಂಗಿ ಫಿಸಿಯೋಥೆರಪಿ ಓದಿದಳು. ಅಂದರೆ ಜನ ತಾವಾಗಿಯೇ ಬಂದು, ಸರದಿಯಲ್ಲಿ ಕೂತು, ಅವಳ ಕೈ ತಮ್ಮ ಮೇಲೆ ಬೀಳಲಿ ಎಂದು ಕಾಯುವ ಕಸುಬು. ಹನ್ನೊಂದು ದಿನದ ಬಸ್ಸಿನಲ್ಲಿ ಅರ್ಧ ಬಸ್ಸಿನ ಕತ್ತು, ಸೊಂಟ ಅವಳ ವಶ. ಡ್ರೈವರ್ ಅವಳಿಗಾಗಿ ಗುಂಡಿ ತಪ್ಪಿಸಿ ಓಡಿಸುತ್ತಿದ್ದ.

ಚೀಟಿಯಕ್ಕ ಇದನ್ನೆಲ್ಲ ಸಹಿಸಿಕೊಂಡಿದ್ದಳು. ಸಹಿಸಿಕೊಳ್ಳುವುದು ಅವಳಿಗೆ ಉಸಿರಾಟದಷ್ಟೇ ರೂಢಿ. ಆದರೆ ನಿನ್ನೆ ಮಧ್ಯಾಹ್ನ, ಚಹಾಕ್ಕೆ ನಿಲ್ಲಿಸಿದಾಗ, ಮೇಷ್ಟ್ರು ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಪುಟ್ಟಿಯ ಎರಡೂ ಹೆಬ್ಬೆರಳು ಅವರ ಕುತ್ತಿಗೆಯಲ್ಲಿದ್ದವು. ಇಬ್ಬರೂ ನಗುತ್ತಿದ್ದರು. ಚೀಟಿಯಕ್ಕ ಎರಡು ಲೋಟ ಚಹಾ ಹಿಡಿದು ಬಂದವಳು ಎರಡನ್ನೂ ತಾನೇ ಕುಡಿದಿದ್ದಳು.

ಶೆಡ್ಡಿನಲ್ಲಿ ಅಂದುಕೊಂಡ ಹಾಗೇ ಇತ್ತು. ಒಬ್ಬ ಅಜ್ಜಿಯ ಭುಜವನ್ನು ಚಕ್ರದಂತೆ ತಿರುಗಿಸುತ್ತಾ ಪುಟ್ಟಿ ಏನೋ ಜೋಕು ಹೇಳುತ್ತಿದ್ದಳು.

"ಬಾ ಇಲ್ಲಿ," ಎಂದಳು ಚೀಟಿಯಕ್ಕ.

ಇಬ್ಬರೂ ಕೈತೊಳೆಯುವ ತೊಟ್ಟಿಯ ಹಿಂದೆ ನಿಂತರು. ನಲ್ಲಿ ತೊಟ್ಟಿಕ್ಕುತ್ತಿತ್ತು.

"ಮೇಷ್ಟ್ರು ಹೇಗಿದ್ದಾರೆ? ಪಾಪ, ಆ ಕುರ್ಚಿ ಅವರ ಬೆನ್ನಿಗೆ ಆಗೋಲ್ಲ," ಎಂದಳು ಪುಟ್ಟಿ.

"ಅವರ ಬೆನ್ನಿನ ಚಿಂತೆ ಬಿಡು. ಮ್ಯೂಸಿಯಮ್ಮಿನ ಸಾಮಾನು ಕಾಣೆಯಾದ ಮಧ್ಯಾಹ್ನ ನೀನು ಎಲ್ಲಿದ್ದೆ?"

ಪುಟ್ಟಿ ಕಣ್ಣು ಕಿರಿದು ಮಾಡಿದಳು. "ಇದೇನು, ಆಫೀಸಿಂದ ಫಾರಂ ತಂದಿದ್ದೀಯ? ತುಂಬಿ ಸೈನ್ ಹಾಕಲಾ?"

"ಲಾಡ್ಜಲ್ಲಿ ಇರಲಿಲ್ಲ. ನಾನು ನೋಡಿದೆ. ಹಾಸಿಗೆ ಮೇಲೆ ನಿನ್ನ ಟೋಪಿ ಇರಲಿಲ್ಲ."

"ಟೋಪಿ ಲೆಕ್ಕ ಇಟ್ಟಿದ್ದೀಯಲ್ಲ, ಭೇಷ್."

"ಪುಟ್ಟಿ."

"ಸುಮ್ನೆ ನಡೆದಾಡ್ತಿದ್ದೆ."

"ಒಬ್ಬಳೇ?"

ತಂಗಿ ನಲ್ಲಿಯನ್ನು ಬಿಗಿ ಮಾಡಲು ನೋಡಿದಳು. ಅದು ಕೇಳಲಿಲ್ಲ. ಯಾರ ಮೂಳೆಯನ್ನಾದರೂ ಕೂರಿಸಬಲ್ಲ ಕೈಗೆ ಒಂದು ನಲ್ಲಿ ಬಗ್ಗದ್ದನ್ನು ನೋಡಿ ಚೀಟಿಯಕ್ಕನಿಗೆ ಒಳಗೊಳಗೇ ಸ್ವಲ್ಪ ಹಾಯೆನಿಸಿತು.

"ಮೇಷ್ಟ್ರ ಜೊತೆ," ಎಂದಳು ಪುಟ್ಟಿ. "ಮ್ಯೂಸಿಯಮ್ಮಿಗೇ ಹೋಗಿದ್ವಿ. ನಾನು ಒಂದು ಸುತ್ತು ಹಾಕಿ ಹೊರಗೆ ಬಂದು ಕೂತೆ. ಅವರು ಒಳಗೇ ಇದ್ರು, ಎಲ್ಲಾ ಬೋರ್ಡೂ ಓದ್ತಾ."

ಬೆನ್ನುನೋವು, ಮಧ್ಯಾಹ್ನವೆಲ್ಲ ಮಲಗಿಬಿಟ್ಟೆ ಎಂದು ಅದೇ ಸಂಜೆ ಮೇಷ್ಟ್ರು ಚೀಟಿಯಕ್ಕನಿಗೆ ಹೇಳಿದ್ದರು. ಹಾಗೆಂದು ಅವಳು ತನ್ನ ಬಿಸಿನೀರಿನ ಚೀಲವನ್ನೂ ಕೊಟ್ಟಿದ್ದಳು.

ಬೇರೆ ದಿನವಾಗಿದ್ದರೆ ಅವಳು ಇಲ್ಲಿ ನಿಲ್ಲುತ್ತಿದ್ದಳು. ಒಬ್ಬ ಗಂಡಸು ತಾನೆಲ್ಲಿದ್ದೆ ಎಂದು ಸುಳ್ಳು ಹೇಳಿದ್ದಾನೆ. ಅದರ ಮುಂದೆ ಒಂದು ಗೆರೆ ಎಳೆದು, ಯಾಕೆ ಎಂದು ಬರೆಯುತ್ತಿದ್ದಳು. ಈವತ್ತು ಅವಳ ಕಿವಿಗೆ ಬಿದ್ದದ್ದು ಒಂದೇ: ತಂಗಿಯ ಜೊತೆ ಹೋಗಿದ್ದಕ್ಕೆ ಸುಳ್ಳು ಹೇಳಿದ್ದಾರೆ.

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಈ ಮುಖ ಮಾಡ್ತೀಯ ಅಂತ."

"ಯಾವ ಮುಖ?"

"ಇದೇ. ನನ್ನ ಹುಟ್ಟುಹಬ್ಬಕ್ಕೆಲ್ಲ ಮಾಡ್ಕೊಂಡು ಕೂರ್ತಿದ್ದೆಯಲ್ಲ, ಅದು." ಪುಟ್ಟಿಯ ದನಿ ಏರಿತು. "ನಿನಗೆ ಯಾರಾದ್ರೂ ಸಿಕ್ಕಿದ್ರೆ ನಾನು ಕಸ್ಕೊಂಡುಬಿಡ್ತೀನಿ ಅಂತ ಮೊದಲೇ ನಿರ್ಧಾರ ಮಾಡಿರ್ತೀಯ. ನಾನು ಅವರನ್ನ ಕರ್ಕೊಂಡು ಹೋಗಿದ್ದು ನಿನ್ನ ವಿಷಯ ಮಾತಾಡೋಕೆ, ಗೊತ್ತಾ? ಮೊದಲನೇ ದಿನ ಅವರು ನನ್ನ ಪಕ್ಕ ಬಂದು ಕೂತ್ರು. ಅಲ್ಲಿ ಕೂತ್ಕೊಳ್ಳಿ, ನಮ್ಮಕ್ಕನ ಹತ್ರ ಮಾತಾಡಿ, ಅವಳಿಗೂ ನಕ್ಷೆ ಅಂದ್ರೆ ಇಷ್ಟ ಅಂತ ನಾನೇ ಎಬ್ಬಿಸಿ ಕಳಿಸಿದ್ದು."

ಚೀಟಿಯಕ್ಕ ಮನಸ್ಸಿನಲ್ಲೇ ಎಣಿಸಿದಳು.

ಹನ್ನೊಂದು ದಿನ. ಕಿಟಕಿಯಾಚೆಯ ಬೆಟ್ಟಗಳಿಗೆ ಮೇಷ್ಟ್ರು ಹೇಳಿದ ಹೆಸರುಗಳು. ಕರವಸ್ತ್ರದ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಟ್ಟ ನದಿ. ಎಲ್ಲ ತನಗಾಗಿಯೇ ಬಂದದ್ದು ಎಂದುಕೊಂಡು ಒಳಗೆ ಜೋಡಿಸಿಟ್ಟಿದ್ದಳು. ಈಗ ನೋಡಿದರೆ ಅದಕ್ಕೂ ಬೇರೆ ಯಜಮಾನಿತಿಯ ಚೀಟಿ ಕಟ್ಟಿದೆ. ತಂಗಿ ಉಟ್ಟುಬಿಟ್ಟ ಸೀರೆಯ ಹಾಗೆ ಅವರನ್ನೂ ತನಗೆ ದಾಟಿಸಲಾಗಿದೆ. ತಿರುಗಾಮುರುಗಾ: ಚಿಕ್ಕಂದಿನಲ್ಲಿ ಅಕ್ಕನ ಲಂಗ ತಂಗಿಗೆ ಹೋಗುತ್ತಿತ್ತು.

"ಆ ಪೊಟ್ಟಣ ಅಮ್ಮನ ಮಡಿಕೇಲಿದೆ," ಎಂದಳು.

ಪುಟ್ಟಿಗೆ ಅರ್ಥವಾಗಲು ಎರಡು ಹನಿ ನೀರು ಬೀಳುವಷ್ಟು ಹೊತ್ತು ಹಿಡಿಯಿತು. "ಅಂದ್ರೆ? ನಾನು ಇಟ್ಟೆ ಅಂತಾನಾ?"

"ಅವರ ಚೀಲ ಮುಟ್ಟಿದವಳು ನೀನೊಬ್ಬಳೇ."

"ಅಕ್ಕಾ, ನಾನು ಅವತ್ತು ಮ್ಯೂಸಿಯಮ್ಮಲ್ಲಿ ಏನು ನೋಡಿದೆ ಅಂತಾನೂ ನೆನಪಿಲ್ಲ. ಕಾಲು ನೋಯ್ತಾ ಇತ್ತು ಅನ್ನೋದೊಂದೇ ನೆನಪು."

"ಹಾಗಾದ್ರೆ ಮಡಚಿದ್ದು ಯಾರು? ಅಮ್ಮ ಎದ್ದು ಬಂದ್ಲಾ?"

"ನನ್ನ ಮುಖ ನೋಡಿ ಕೇಳು ಇನ್ನೊಂದು ಸಲ."

ಚೀಟಿಯಕ್ಕ ಮುಖ ನೋಡಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವಳು ಮುಖ ನೋಡಿ ಏನನ್ನೂ ತೀರ್ಮಾನಿಸಿದವಳಲ್ಲ. ಅವಳ ಮಟ್ಟಿಗೆ ಮುಖಕ್ಕಿಂತ ಗಂಟುಮೂಟೆ ಪ್ರಾಮಾಣಿಕ. ಮೇಲಾಗಿ, ಈ ಮುಖವನ್ನು ಜಗತ್ತೆಲ್ಲ ನೋಡಿ ನೋಡಿ ನಂಬಿಯಾಗಿತ್ತು.

ತಿರುಗಿ ನಡೆದಳು. ಸಿಮೆಂಟಿನ ಮೂವತ್ತು ಹೆಜ್ಜೆ ಈಗ ಇಪ್ಪತ್ತೇ ಆಯಿತು.

*

"ಬರೆದುಕೊಡಿ," ಎಂದಳು ಅಧಿಕಾರಿಣಿ.

ಬರೆಯುವುದು ಚೀಟಿಯಕ್ಕನಿಗೆ ಹೊಸದಲ್ಲ. ದುಂಡಗಿನ ಅಕ್ಷರದಲ್ಲಿ, ಒಂದೂ ಚಿತ್ತಿಲ್ಲದೆ ಬರೆದಳು: ಈ ಪೊಟ್ಟಣದ ಮಡಿಕೆ ನನ್ನ ತಾಯಿಯದು. ಇದನ್ನು ಬಲ್ಲವರು ಈಗ ಇಬ್ಬರೇ, ನಾನು ಮತ್ತು ನನ್ನ ತಂಗಿ. ಮೇಷ್ಟ್ರಿಗೆ ಇದನ್ನು ಮಡಚಲು ಬರುವುದಿಲ್ಲ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈ ದಿನ ಬೆಳಿಗ್ಗೆ ಅವರ ಚೀಲವನ್ನು ನನ್ನ ತಂಗಿ ಮುಟ್ಟಿದ್ದಾಳೆ.

ಕೆಳಗೆ ರುಜು. ರುಜುವಿನ ಕೆಳಗೆ ಎರಡು ಗೆರೆ. ಆಫೀಸಿನ ಅಭ್ಯಾಸ.

ಅಧಿಕಾರಿಣಿ ಓದಿದಳು. "ಇಬ್ಬರು ಅಂತೀರಿ. ನೀವಲ್ಲ ಅಂತ ಹೇಗೆ?"

ಇಂಥ ಪ್ರಶ್ನೆಗಾಗಿಯೇ ಕಾದಿದ್ದವಳಂತೆ ಚೀಟಿಯಕ್ಕ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದಳು. "ನನ್ನ ಚೀಲದ ಪಟ್ಟಿ. ಹೊರಟ ದಿನ ಬರೆದದ್ದು. ನಲವತ್ತೊಂದು ಬಾಬು. ಕೊಂಡದ್ದು, ಬಿಟ್ಟದ್ದು ಪ್ರತಿ ಊರಲ್ಲೂ ತಿದ್ದಿದ್ದೀನಿ. ಚೀಲ ಅಲ್ಲೇ ಬೆಂಚ್ ಮೇಲಿದೆ, ಇನ್ನೂ ನಿಮ್ಮ ಯಂತ್ರಕ್ಕೆ ಹಾಕಿಲ್ಲ. ಮೇಲಿಂದ ತಳದ ತನಕ ಒಂದೊಂದೇ ಟಿಕ್ ಹಾಕ್ಕೊಂಡು ನೋಡಿ. ಒಂದು ಸೂಜಿ ಹೆಚ್ಚಿದ್ರೂ ನಾನೇ ಜೀಪ್ ಹತ್ತೀನಿ."

"ಮೂವತ್ತು ವರ್ಷದ ನೌಕರಿಯಲ್ಲಿ," ಎಂದಳು ಅಧಿಕಾರಿಣಿ, ಆವತ್ತಿನ ಅತಿ ಉದ್ದದ ವಾಕ್ಯಕ್ಕೆ ದವಡೆ ಹಿಡಿದುಕೊಂಡು, "ಚೀಲಕ್ಕೆ ಪಟ್ಟಿ ಮಾಡಿಕೊಂಡು ಬಂದ ಪ್ರಯಾಣಿಕಳನ್ನ ಇವತ್ತೇ ನೋಡ್ತಿರೋದು." ಪಟ್ಟಿಯನ್ನು ಹೇಳಿಕೆಯ ಜೊತೆ ಸೇರಿಸಿ ಪಿನ್ ಹೊಡೆದಳು.

ಮೇಷ್ಟ್ರ ಪಾಸ್‌ಪೋರ್ಟಿನಲ್ಲಿ ಮೊಹರು ಬಿತ್ತು. ಆ ಸದ್ದು ಚೀಟಿಯಕ್ಕನಿಗೆ ಬಹಳ ಚೆನ್ನಾಗಿ ಕೇಳಿಸಿತು. ಬಾಗಿಲ ಬಳಿ ಮೇಷ್ಟ್ರು ನಿಂತು ಎರಡೂ ಕೈ ಜೋಡಿಸಿದರು.

"ನಿಮ್ಮ ಉಪಕಾರ ಮರೆಯೋಲ್ಲ ಮೇಡಂ. ಬಸ್ಸಲ್ಲಿ ಕಿಟಕಿ ಸೀಟು ಹಿಡಿದಿಟ್ಟಿರ್ತೀನಿ. ಬೇಗ ಬನ್ನಿ." ಆಮೇಲೆ ತಗ್ಗಿದ ದನಿಯಲ್ಲಿ: "ಚೀಲ ಹುಷಾರು. ಭಾರ ಅನ್ನಿಸಿದ್ರೆ ಆಚೆ ಬಂದ ಕೂಡಲೇ ನನಗೆ ಕೊಟ್ಟುಬಿಡಿ."

ಬೆಳಿಗ್ಗೆಯೂ ಬಸ್ಸಿನ ಡಿಕ್ಕಿಯಿಂದ ಅವಳ ಚೀಲವನ್ನು ಇಳಿಸಿ ಸೇತುವೆಯ ಈ ತುದಿಯವರೆಗೆ ಅವರೇ ಹೊತ್ತು ತಂದಿದ್ದರು. ತನ್ನ ಚೀಲವನ್ನು ಬೇರೆಯವರು ಹೊರುವುದು ಅವಳ ಪಾಲಿಗೆ ಎಂಥ ಹೊಸ ಸುಖವಾಗಿತ್ತೆಂದರೆ, ಇಳಿಸಿ ಬೆಂಚಿನ ಮೇಲಿಟ್ಟ ಚೀಲವನ್ನು ಮತ್ತೆ ಮುಟ್ಟಲೇ ಇಲ್ಲ.

ಪುಟ್ಟಿಯನ್ನು ಒಳಗೆ ಕರೆತಂದರು. ಅವಳು ಅಳುತ್ತಿರಲಿಲ್ಲ. ಮೇಷ್ಟ್ರು ಕೂತಿದ್ದ ಕುರ್ಚಿಯಲ್ಲೇ ಕೂತು, ಅದರ ಕಾಲು ಅಲುಗುವುದನ್ನು ಗಮನಿಸಿ, ಭಾರವನ್ನು ಇನ್ನೊಂದು ಮಗ್ಗುಲಿಗೆ ಹಾಕಿದಳು.

"ಈ ಮಡಿಕೆ ಗೊತ್ತಾ?" ಎಂದಳು ಅಧಿಕಾರಿಣಿ.

"ಗೊತ್ತು. ಸುಳ್ಳು ಯಾಕೆ ಹೇಳಲಿ?"

"ಮಡಚಿ."

ಪುಟ್ಟಿ ಕೊರಳಿನ ಬಿಳಿ ವಸ್ತ್ರವನ್ನು ತೆಗೆದು ಮೇಜಿನ ಮೇಲೆ ಹಾಸಿದಳು. ಅವಳ ಬೆರಳುಗಳಿಗೆ ಯೋಚನೆ ಬೇಕಿರಲಿಲ್ಲ. ಮೂರು ಪದರ. ಓರೆ. ತೂರಿಸು. ಚಿಕ್ಕವಳಿದ್ದಾಗ ಅಮ್ಮ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹಿಂದಿನಿಂದ ಅವಳ ಕೈಗಳ ಮೇಲೆ ತನ್ನ ಕೈಯಿಟ್ಟು ಕಲಿಸಿದ್ದು. ಅದಕ್ಕೂ ಮೊದಲು ಅಕ್ಕನಿಗೂ ಹಾಗೇ. ಆ ತೊಡೆ ಒಂದು ಕಾಲದಲ್ಲಿ ತನ್ನದೂ ಆಗಿತ್ತು ಎಂಬುದು ಚೀಟಿಯಕ್ಕನಿಗೆ ಎಷ್ಟೋ ವರ್ಷಗಳ ಮೇಲೆ ಈಗ ನೆನಪಾಯಿತು.

ಪುಟ್ಟಿ ಮುಗಿಸಿದ ಪೊಟ್ಟಣವನ್ನು ಇನ್ನೊಂದರ ಪಕ್ಕಕ್ಕೆ ನೆಟ್ಟಗಿಟ್ಟಳು.

ಎರಡು ಪೊಟ್ಟಣ, ಗೋಡೆಯ ಮೇಲಿನ ಬಾತುಗಳ ಹಾಗೆ ಎದುರುಬದುರು. ಪುಟ್ಟಿಯದರ ಕಿವಿ ಎಡಮೂಲೆಯಲ್ಲಿ. ಮೇಷ್ಟ್ರ ಚೀಲದ್ದರ ಕಿವಿ ಬಲಮೂಲೆಯಲ್ಲಿ.

ಅಧಿಕಾರಿಣಿಗೆ ಅದು ಕಾಣಲಿಲ್ಲ. ಆಕೆ ಕಂಡದ್ದು ಒಂದೇ ಬಗೆಯ ಎರಡು ಪೊಟ್ಟಣ. "ಸರಿಯಾಗಿದೆ," ಎಂದು ಬರೆದುಕೊಂಡಳು.

ಚೀಟಿಯಕ್ಕನಿಗೆ ಕಂಡಿತು. ಮೊದಲ ಸಲವೇ ಕಂಡಿತ್ತು. ಕಂಡದ್ದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಿಂದಿನಿಂದ ಕೈ ಹಿಡಿದು ಕಲಿತವರಿಗೆ ಕಿವಿ ಎಡಕ್ಕೇ ಬರುತ್ತದೆ, ಬೇರೆಡೆಗೆ ಬರಲು ಸಾಧ್ಯವೇ ಇಲ್ಲ. ಬಲಕ್ಕೆ ಬರಬೇಕಾದರೆ, ಮಡಚುವವಳ ಎದುರು ಕೂತು, ಕನ್ನಡಿ ನೋಡಿದ ಹಾಗೆ ನೋಡಿ ಕಲಿತಿರಬೇಕು.

ಲಾಡ್ಜಿನ ತಾರಸಿ. ಮೇಜಿನ ಆಚೆ ಅವರು, ಈಚೆ ಅವಳು. ಮೂರು ಸಲ ಎಡವಟ್ಟು. ಮೂರು ಸಲವೂ ಆ ಎಡವಟ್ಟು ಇದೇ ಆಗಿತ್ತು: ಮಡಿಕೆ ಗಟ್ಟಿ, ಕಿವಿ ಮಾತ್ರ ಆ ಕಡೆ. ಅವಳು ಅದನ್ನು ತಪ್ಪು ಎಂದು ನಕ್ಕಿದ್ದಳು.

ಪುಟ್ಟಿ ಎರಡು ಪೊಟ್ಟಣಗಳನ್ನೂ ನೋಡಿದಳು. ಆಮೇಲೆ ಅಕ್ಕನ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ತಡೆಯಲಾಗದ್ದು.

"ಅಕ್ಕಾ, ನೀನು ಯಾರಿಗೆ ಕಲಿಸಿದೆ?"

ಚೀಟಿಯಕ್ಕನ ಬಾಯಿ ತೆರೆಯಿತು. ಗೋಡೆಯ ಗಡಿಯಾರದಲ್ಲಿ ಮೂರು ಇಪ್ಪತ್ತು. ಈಗ ಹೇಳಿದರೆ ಗೇಟಿನಾಚೆಯ ಬಸ್ಸಿನಿಂದ ಅವರನ್ನು ಇಳಿಸಬಹುದು. ನಾಚಿಕೆಯಾಗುತ್ತದೆ, ಆಗಲಿ. ಕಳೆದ ಸಾಮಾನುಗಳ ಕಚೇರಿಯ ಗುಮಾಸ್ತೆ ಒಬ್ಬ ಗಂಡಸಿನ ನಾಲ್ಕು ಮಾತಿಗೆ ಕರಗಿ ಮನೆಯ ವಿದ್ಯೆ ಕೊಟ್ಟಳು, ತಂಗಿಯನ್ನೂ ಕೊಟ್ಟಳು ಎಂದು ಬರೆದುಕೊಳ್ಳಲಿ.

"ಮೇಡಂ, ನನ್ನ ಹೇಳಿಕೇಲಿ ಒಂದು ತಪ್ಪಾಗಿದೆ..."

"ಮೊದಲು ಇದು ಮುಗೀಲಿ," ಎಂದಳು ಅಧಿಕಾರಿಣಿ, ಪಿನ್ ಹೊಡೆದಿದ್ದ ಪಟ್ಟಿಯನ್ನು ಮೇಲಕ್ಕೆ ತಿರುಗಿಸಿ, ಪೆನ್ನಿನ ಮುಚ್ಚಳ ತೆಗೆಯುತ್ತಾ. "ನಲವತ್ತೊಂದು ಬಾಬು. ಚೀಲ ತನ್ನಿ."

ಚೀಲ ಬಾಗಿಲ ಪಕ್ಕದ ಬೆಂಚಿನ ಮೇಲಿತ್ತು. ಅವಳೇ ಕಟ್ಟಿದ ಚೀಟಿ ಗಾಳಿಗೆ ಸಣ್ಣಗೆ ತಿರುಗುತ್ತಿತ್ತು. ಚೀಟಿಯಕ್ಕ ಹೆಗಲಪಟ್ಟಿಗೆ ಕೈಹಾಕಿ ಎತ್ತಿದಳು.

ಎತ್ತಿದವಳು ಹಾಗೇ ನಿಂತಳು.

ನಿನ್ನೆ ಸಂಜೆ ಈ ಚೀಲ ಎಂಟು ಕಿಲೋ ಆರುನೂರು ಇತ್ತು. ಈಗ ಅಷ್ಟೇ ಇರಲಿಲ್ಲ. ಬೇರೆ ಯಾರ ಕೈಗೂ ತಿಳಿಯದಷ್ಟು ಹೆಚ್ಚು, ಅವಳ ಕೈಗೆ ಕೂಗಿ ಹೇಳುವಷ್ಟು ಹೆಚ್ಚು. ಮುನ್ನೂರು. ಹತ್ತು ಹೆಚ್ಚೇ ಇದ್ದೀತು.

ಅಕ್ಕನಿಗೊಂದು, ತಂಗಿಗೊಂದು ಎಂದು ಹಂಚುವ ಯೋಚನೆಯಿತ್ತೇನೋ. ಎರಡನೆಯದನ್ನು ಪುಟ್ಟಿಯ ಚೀಲಕ್ಕೆ ದಾಟಿಸಲು ಮೇಷ್ಟ್ರಿಗೆ ಸಮಯ ಸಿಕ್ಕಿರಲಿಕ್ಕಿಲ್ಲ.

ಕಿಟಕಿಯಾಚೆ, ಗೇಟಿನ ಆ ಬದಿ, ಬಸ್ಸಿನ ಮೆಟ್ಟಿಲ ಮೇಲೆ ಮೇಷ್ಟ್ರು ನಿಂತಿದ್ದರು. ಅವಳು ನೋಡಿದ್ದನ್ನು ಕಂಡು ಕೈ ಬೀಸಿದರು. ಬೇಗ ಬನ್ನಿ ಎಂಬಂತೆ.

"ಏನು, ಭಾರವಾ?" ಎಂದಳು ಅಧಿಕಾರಿಣಿ.

ಮೇಜಿನ ಮೇಲೆ ಅವಳದೇ ದುಂಡಗಿನ ಅಕ್ಷರ, ಅವಳದೇ ರುಜು, ರುಜುವಿನ ಕೆಳಗೆ ಎರಡು ಗೆರೆ: ಇದನ್ನು ಬಲ್ಲವರು ಈಗ ಇಬ್ಬರೇ, ನಾನು ಮತ್ತು ನನ್ನ ತಂಗಿ.

ಅಧಿಕಾರಿಣಿ ತಾನೇ ಎದ್ದು ಬಂದು, ಚೀಲವನ್ನು ಅವಳ ಕೈಯಿಂದ ತೆಗೆದುಕೊಂಡು, ಮೇಲಿನ ದಾರ ಸಡಿಲಿಸಿದಳು.

"ಒಂದು," ಎಂದು ಎಣಿಸಲು ಶುರು ಮಾಡಿದಳು.